ಬಾಲಿಯಲ್ಲಿ ಒಂದು ದಿನ, ಬಾಡಿಗೆ ಕಾರು, ಜೊತೆಗೆ ಅಮ್ಮನ ಮಂಡಿನೋವು

ಪ್ರಶ್ನೆ (ದಾವಣಗೆರೆ)

ಆಗಸ್ಟ್‌ನಲ್ಲಿ ಬಾಲಿಗೆ ಹೊರಟಿದ್ದೇವೆ. ಅಪ್ಪ, ಅಮ್ಮ, ನಾವಿಬ್ಬರು, ಆರು ವರ್ಷದ ಮಗಳು. ಹೋಟೆಲ್ ಕುಟಾದಲ್ಲಿ. ಒಂದು ದಿನ ನಮಗೇ ಅಂತ ಕಾರು, ಗೈಡ್ ಮಾಡಿಕೊಳ್ಳುವ ಯೋಚನೆ. ಏಜೆಂಟ್ ಕಳಿಸಿದ ಪಟ್ಟಿಯಲ್ಲಿ ಬೆಸಾಕಿ, ಕಿಂತಾಮಣಿ, ತೆಗಲ್ಲಾಲಾಂಗ್ ಗದ್ದೆ, ಉಬುದ್, ತನಾ ಲೋಟ್, ಉಲುವಾತು, ಎಲ್ಲ ಒಂದೇ ದಿನಕ್ಕೆ! ಅಮ್ಮನಿಗೆ ಮಂಡಿನೋವು. ಅಪ್ಪ ಭದ್ರಾ ನಾಲೆ ಕೊನೆಭಾಗದ ರೈತರು, ಗದ್ದೆ ನೋಡಲೇಬೇಕು ಅಂತಿದ್ದಾರೆ. ಊಟ ಸಸ್ಯಾಹಾರ. ಹೋಗಿ ಬಂದವರು ಹೇಳಿ, ಇದು ಆಗುವ ಮಾತಾ?

ಶಿವಮೊಗ್ಗದಿಂದ

ಆಗುವ ಮಾತಲ್ಲ ಸರ್. ಬೆಸಾಕಿ ಇರುವುದು ಪೂರ್ವಕ್ಕೆ, ಅಗುಂಗ್ ಬೆಟ್ಟದ ಮೈಮೇಲೆ. ಉಲುವಾತು ದಕ್ಷಿಣದ ತುದಿ. ತನಾ ಲೋಟ್ ಇನ್ನೊಂದು ದಿಕ್ಕಿನ ಕಡಲಂಚು. ಮ್ಯಾಪಿನಲ್ಲಿ ಎಲ್ಲ ಅಂಗೈಯಗಲ ಕಾಣುತ್ತದೆ, ಅದೇ ಮೋಸ. ಕುಟಾದಿಂದ ಉಬುದ್‌ಗೆ ಸುಮಾರು 35 ಕಿ.ಮೀ. ನಮಗೆ ಒಂದು ಮುಕ್ಕಾಲು ಗಂಟೆ ಹಿಡಿಯಿತು. ಇಕ್ಕಟ್ಟು ರಸ್ತೆ, ಎರಡೂ ಕಡೆಯಿಂದ ಸ್ಕೂಟರ್ ನುಗ್ಗುತ್ತವೆ.

2024ರ ಜೂನ್‌ನಲ್ಲಿ ಅತ್ತೆ, ಮಾವನ ಜೊತೆ ಹೋಗಿದ್ದೆವು. ಇಂಥದ್ದೇ ಪಟ್ಟಿ ನಂಬಿ ಕೆಟ್ಟೆವು. ಉಲುವಾತು ತಲುಪುವಷ್ಟರಲ್ಲಿ ಸಂಜೆಯ ಕೆಚಕ್ ಕುಣಿತ ಅರ್ಧ ಮುಗಿದಿತ್ತು. ಮಾವ ಕಾರಿನಿಂದ ಇಳಿಯಲೇ ಇಲ್ಲ. ಎರಡು ದಿನ ಬಿಟ್ಟು ಬೇರೆ ಕಾರು ಮಾಡಿದೆವು. ಈ ಸಲ ಉಬುದ್ ಕಡೆ ಮಾತ್ರ, ಮೂರೇ ಜಾಗ. ಅದೊಂದೇ ದಿನ ಎಲ್ಲರಿಗೂ ನೆನಪಿರುವುದು.

ಆ ಮೂರರಲ್ಲಿ ಒಂದು ತಂಪಾಕ್ಸಿರಿಂಗ್ ಊರಿನ ತೀರ್ಥಾ ಎಂಪುಲ್ ಗುಡಿ. ನೆಲದಿಂದ ನೀರು ಮರಳು ಎಬ್ಬಿಸಿಕೊಂಡು ಬುಗ್ಗೆಬುಗ್ಗೆಯಾಗಿ ಬರುವುದು ಕಣ್ಣಿಗೇ ಕಾಣುತ್ತದೆ. ಆ ನೀರು ಸಾಲಾಗಿ ಇಟ್ಟ ಕಲ್ಲಿನ ಬಾಯಿಗಳಿಂದ ಕೊಳಕ್ಕೆ ಬೀಳುತ್ತದೆ. ಜನ ಸೊಂಟಮಟ್ಟದ ನೀರಿನಲ್ಲಿ ಸರದಿ ನಿಂತು ಒಂದೊಂದೇ ಧಾರೆಗೆ ತಲೆ ಒಡ್ಡುತ್ತಾರೆ. ಅತ್ತೆ ಬಾಡಿಗೆಯ ಹಸಿರು ಸರೋಂಗ್ ಸುತ್ತಿಕೊಂಡು ಇಳಿದೇಬಿಟ್ಟರು. ನಡುವೆ ಎರಡು ಧಾರೆ ಇದೆ, ಸತ್ತವರ ಕಾರ್ಯಕ್ಕೆ ಮೀಸಲು. ಗೈಡ್ ಕೂಗಿ ತಡೆಯದಿದ್ದರೆ ಅತ್ತೆ ಅದಕ್ಕೂ ತಲೆ ಕೊಡುತ್ತಿದ್ದರು. ನಡಿಗೆ ಕಡಿಮೆ, ನಿಮ್ಮ ಅಮ್ಮನಿಗೆ ಕಷ್ಟವಾಗಲಾರದು. ಹತ್ತಿರದಲ್ಲೇ ಬಂಡೆಯಲ್ಲಿ ಕೊರೆದ ಹಳೆಯ ಗುಡಿಗಳ ಜಾಗ, ಗುನುಂಗ್ ಕಾವಿ ಇದೆ, "ಬರೀ ಹತ್ತು ನಿಮಿಷ" ಅಂತ ಪುಸಲಾಯಿಸುತ್ತಾರೆ. ಕೆಳಗಿಳಿಯಲು ಸುಮಾರು 300 ಮೆಟ್ಟಿಲು. ಇಳಿದವರು ಹತ್ತಬೇಕಲ್ವಾ?

ತೆಗಲ್ಲಾಲಾಂಗ್ ಗದ್ದೆಯನ್ನು ರಸ್ತೆ ಪಕ್ಕದ ಕೆಫೆಯಲ್ಲಿ ಕೂತೇ ನೋಡಬಹುದು. ಅಮ್ಮನನ್ನು ಅಲ್ಲಿ ಕೂರಿಸಿ, ಅಪ್ಪ ಮಗಳು ಕೆಳಗೆ ಹೋಗಿ ಬರಲಿ.

ಮಂಡ್ಯದಿಂದ

ನಿಮ್ಮ ಅಪ್ಪನಿಗೋಸ್ಕರ ಆದರೂ ಒಳ್ಳೆ ಗೈಡ್ ಮಾಡಿಕೊಳ್ಳಿ. ಅಲ್ಲಿ ಗದ್ದೆ ನೀರಿನ ವ್ಯವಸ್ಥೆಗೆ ಸುಬಾಕ್ ಅನ್ನುತ್ತಾರೆ. ನೀರು ಹಂಚುವುದು ರೈತರದ್ದೇ ಕೂಟ, ಅದಕ್ಕೊಂದು ಗುಡಿ. ಯಾವ ಪಾತಿಗೆ ಯಾವಾಗ ನೀರು, ನಾಟಿ ಯಾವಾಗ, ಎಲ್ಲ ಕೂತು ತೀರ್ಮಾನ. ಕಾಲುವೆಗೆ ಅಡ್ಡ ಮರದ ದಿಮ್ಮಿ ಇಟ್ಟು, ಅದರಲ್ಲಿ ಕಚ್ಚು ಕಡಿದು ಪಾಲು ಮಾಡುವುದು ಹಳೆಯ ಪದ್ಧತಿ. 2012ರಲ್ಲಿ ಇದು ಯುನೆಸ್ಕೊ ಪಟ್ಟಿಗೆ ಸೇರಿತು. ಕೊನೆಭಾಗದ ರೈತರು ಅಂದಿರಲ್ಲ, ಅವರು ಕೇಳುವ ಪ್ರಶ್ನೆಗೆ ಬರೀ ಡ್ರೈವರ್ ಉತ್ತರ ಕೊಡಲಾರ. ನಮ್ಮಪ್ಪ ಮುಕ್ಕಾಲು ಗಂಟೆ ಬದುವಿನ ಮೇಲೆ ಕೂತುಬಿಟ್ಟಿದ್ದರು. ಫೋಟೊ ಒಂದೂ ತೆಗೆಸಿಕೊಳ್ಳಲಿಲ್ಲ.

ಮೂಡಿಗೆರೆಯಿಂದ

ಪಟ್ಟಿಯಲ್ಲಿ ಇಲ್ಲದ ಒಂದು ಜಾಗಕ್ಕೆ ಖಂಡಿತ ಕರೆದುಕೊಂಡು ಹೋಗುತ್ತಾರೆ: ಕಾಫಿ ತೋಟ. ತೋಟ ಅಂದರೆ ನಾಲ್ಕು ಗಿಡ, ಒಂದು ಅಂಗಡಿ. ಸಣ್ಣ ಲೋಟಗಳಲ್ಲಿ ಶುಂಠಿ ಚಹಾ, ಮಜ್ಜಿಗೆಹುಲ್ಲಿನ ಚಹಾ ಪುಕ್ಕಟೆ. ಲುವಾಕ್ ಕಾಫಿಗೆ ಮಾತ್ರ ದುಡ್ಡು. ಪುನುಗು ಬೆಕ್ಕಿನ ಜಾತಿಯ ಪ್ರಾಣಿ ಹಣ್ಣು ತಿಂದು ಹಾಕಿದ ಹಿಕ್ಕೆಯಿಂದ ಆರಿಸಿದ ಬೀಜ ಅದು. ನಮ್ಮ ತೋಟದಲ್ಲಿ ಅದು ರಾತ್ರಿ ಬಂದು ಬಂಡೆ ಮೇಲೆ ಹಿಕ್ಕೆ ಹಾಕಿ ಹೋಗುತ್ತದೆ. ಅಲ್ಲಿ ಪಂಜರದಲ್ಲಿ ಆ ಕಡೆ ಈ ಕಡೆ ಓಡಾಡುತ್ತಿತ್ತು. ನನಗೆ ಕುಡಿಯಲು ಮನಸ್ಸಾಗಲಿಲ್ಲ.

ಚೆಲುಕ್‌ನ ಬೆಳ್ಳಿ ಅಂಗಡಿ, ಬಾಟಿಕ್ ಅಂಗಡಿ ಕೂಡ ಹೀಗೇ. ಕಮಿಷನ್ ಇರುತ್ತದೆ. ಹಿಂದಿನ ದಿನವೇ ವಾಟ್ಸಾಪ್‌ನಲ್ಲಿ "ಅಂಗಡಿ ಬೇಡ" ಅಂತ ಬರೆದು, ಒಪ್ಪಿಗೆ ತೆಗೆದುಕೊಳ್ಳಿ. ಮಾಸ್ ಊರಿನ ಮರಗೆತ್ತನೆ ಮಾತ್ರ ನೋಡುವಂಥದ್ದು.

ಮಂಗಳೂರಿನಿಂದ

ಊಟದ ವಿಷಯ. ಬರೀ "ವೆಜ್" ಅಂದರೆ ಸಾಲದು. ಸಂಬಲ್ ಚಟ್ನಿಯಲ್ಲಿ ತೆರಾಸಿ ಇರುತ್ತದೆ, ಅಂದರೆ ಸಿಗಡಿ ಹುಳಿಬರಿಸಿ ಅರೆದದ್ದು. ತಟ್ಟೆ ಮೇಲಿಡುವ ಹಪ್ಪಳವೂ ಜಾಸ್ತಿ ಸಿಗಡಿಯದ್ದೇ. ಒಣ ಸಿಗಡಿ ಚಟ್ನಿ ತಿಂದು ಬೆಳೆದ ನನಗೆ ಮೊದಲ ತುತ್ತಿಗೇ ಗೊತ್ತಾಯಿತು. ಜೊತೆಗಿದ್ದ ಸಸ್ಯಾಹಾರಿ ಗೆಳೆಯನಿಗೆ ಅರ್ಧ ತಟ್ಟೆ ಆದ ಮೇಲೆ ಹೇಳಿದೆ, ಪಾಪ. "ತಾನ್ಪಾ ತೆರಾಸಿ" ಅನ್ನಿ, ತೆರಾಸಿ ಹಾಕದೆ ಅಂತ. ತೆಂಪೆ, ತಾಹು ಧೈರ್ಯವಾಗಿ ತಿನ್ನಿ, ಎರಡೂ ಸೋಯಾದವು.

ದಾವಣಗೆರೆ (ಕೇಳಿದವರು)

ಎಲ್ಲರಿಗೂ ಧನ್ಯವಾದ. ಬೆಸಾಕಿ, ತನಾ ಲೋಟ್, ಉಲುವಾತು ಮೂರನ್ನೂ ತೆಗೆದೆ. ಏಜೆಂಟ್ ಮುನಿಸಿಕೊಂಡ. ಶಿವಮೊಗ್ಗದ ಮೇಡಂ, ಕಾರಿನ ದುಡ್ಡಿನ ಲೆಕ್ಕ ಹೇಳ್ತೀರಾ?

ಶಿವಮೊಗ್ಗದಿಂದ

ನಾವು ಹತ್ತು ಗಂಟೆಗೆ 7 ಲಕ್ಷ ರುಪಿಯಾ ಕೊಟ್ಟೆವು, ಪೆಟ್ರೋಲ್, ಪಾರ್ಕಿಂಗ್ ಸೇರಿ. ಗಾಬರಿಯಾಗಬೇಡಿ, ಆಗ ನಮ್ಮ 3,600 ರೂಪಾಯಿ. ಗೈಡ್‌ಗೆ, ಗುಡಿಗಳ ಟಿಕೆಟ್‌ಗೆ ಬೇರೆ. 2024ರ ಫೆಬ್ರವರಿಯಿಂದ ವಿದೇಶಿಯರಿಗೆ ತಲೆಗೆ ಒಂದೂವರೆ ಲಕ್ಷ ರುಪಿಯಾ ಪ್ರವಾಸಿ ಶುಲ್ಕವೂ ಇದೆ, ಅದನ್ನು ಆನ್‌ಲೈನ್‌ನಲ್ಲೇ ಕಟ್ಟಬಹುದು. ಐದು ಜನಕ್ಕೆ ಇನ್ನೋವಾ ಕೇಳಿ. ಅದಕ್ಕಿಂತ ಚಿಕ್ಕ ಅವಾಂಜಾ ಕಾರಿನ ಹಿಂದಿನ ಸೀಟಿನಲ್ಲಿ ಮಂಡಿ ಮಡಚಿ ಕೂರುವುದು ನಿಮ್ಮ ಅಮ್ಮನಿಂದ ಆಗದು.

ಇನ್ನೊಂದು. ಡ್ರೈವರ್ ಹೆಸರನ್ನು "ವಾಯನ್" ಅಂತ ಮಾತ್ರ ಸೇವ್ ಮಾಡಬೇಡಿ. ಅಲ್ಲಿ ಚೊಚ್ಚಲ ಮಗುವಿಗೆ ಸಾಮಾನ್ಯವಾಗಿ ವಾಯನ್, ಎರಡನೆಯದಕ್ಕೆ ಮಾಡೆ, ಆಮೇಲೆ ನ್ಯೋಮನ್, ಕೆತುತ್. ತೀರ್ಥಾ ಎಂಪುಲ್ ಪಾರ್ಕಿಂಗ್‌ನಲ್ಲಿ ನಮ್ಮವರು "ವಾಯನ್" ಅಂತ ಕೂಗಿದ್ದಕ್ಕೆ ನಾಲ್ಕು ಜನ ತಿರುಗಿ ನೋಡಿದರು. ಕಾರಿನ ನಂಬರ್ ಬರೆದಿಟ್ಟುಕೊಳ್ಳಿ.