ಮಳೆಗಾಲದಲ್ಲಿ ರೆಸಿನ್ ಪದಕಗಳ ಮೇಲೆ ಬಿಳಿ ಪೊರೆ ಬರುತ್ತಿದೆ: ಹಳೆಯ ಸಾಮಾನುಗಳಿಂದ ಆಭರಣ ಮಾಡುವವರು ದಯವಿಟ್ಟು ತಿಳಿಸಿ

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನಿಂದ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಎಸೆಯಲು ಮನಸ್ಸು ಬಾರದೆ ಉಳಿದುಕೊಂಡ ಚಿಕ್ಕಪುಟ್ಟ ಸಾಮಾನುಗಳನ್ನು, ಹಾರ್ಡನರ್ ಎಂಬ ಇನ್ನೊಂದು ದ್ರವ ಬೆರೆಸಿದರೆ ಗಟ್ಟಿಯಾಗುವ ಎಪಾಕ್ಸಿ ರೆಸಿನ್‌ನಲ್ಲಿ ಕೂರಿಸಿ ಪದಕ, ಓಲೆಗಳನ್ನು ಮಾಡುವುದನ್ನು ಕಳೆದ ಬೇಸಿಗೆಯಿಂದ ಕಲಿಯುತ್ತಿದ್ದೇನೆ. ಅಜ್ಜಿಯ ಒಡೆದ ಗಾಜಿನ ಬಳೆಯ ಚೂರುಗಳು, ಅಮ್ಮನ ಜೀರ್ಣವಾದ ಸೀರೆಯ ಜರಿ, ಕೆಟ್ಟುಹೋದ ರೇಡಿಯೋದಿಂದ ಬಿಡಿಸಿದ ಬಣ್ಣದ ಪಟ್ಟಿಯ ರೆಸಿಸ್ಟರ್‌ಗಳು, ಹಳೆಯ ಲಗ್ನಪತ್ರಿಕೆಯ ಅಂಚು, ತೋಟದಲ್ಲಿ ಬಿದ್ದ ಅಡಿಕೆ ಹಾಳೆಯ ತುಂಡು, ಇವೇ ನನ್ನ ಸಾಮಗ್ರಿ.

ಏಪ್ರಿಲ್‌ನಲ್ಲಿ ಮಾಡಿದವು ಕನ್ನಡಿಯಂತೆ ಬಂದಿದ್ದವು. ಆರಿದ್ರಾ ಮಳೆ ಹಿಡಿದ ಮೇಲೆ ಒಂದೂ ಸರಿಯಾಗಿ ಬರುತ್ತಿಲ್ಲ. ಹಾಳೆಯ ತುಂಡು ಇಟ್ಟ ಪದಕದಲ್ಲಿ ನಾರಿನ ಗೆರೆಗುಂಟ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಪೋಣಿಸಿದಂತೆ ಸಾಲಾಗಿ ನಿಂತಿವೆ. ಲಗ್ನಪತ್ರಿಕೆಯ ಕಾಗದ ಎಣ್ಣೆ ಕುಡಿದಂತಾಗಿ ಹಿಂಬದಿಯ ಅಕ್ಷರಗಳೂ ಕಾಣುತ್ತಿವೆ. ಬಳೆ ಚೂರಿನವುಗಳಲ್ಲಿ ಒಳಗೆಲ್ಲ ತಿಳಿಯಾಗಿಯೇ ಇದೆ, ಆದರೆ ಮೇಲೆ ಹಾಲಿನ ಕೆನೆಯಂಥ ತೆಳುವಾದ ಪೊರೆ. ಮುಟ್ಟಿದರೆ ಎಣ್ಣೆ ಸವರಿದಂತೆ ಜಾರುತ್ತದೆ. ಇನ್ನೆರಡು ಪದಕಗಳಂತೂ ಮೂರು ದಿನ ಕಳೆದರೂ ಬೆರಳು ಒತ್ತಿದಲ್ಲಿ ಗುರುತು ಬೀಳುವಷ್ಟು ಮೆತ್ತಗಿವೆ. ಚಳಿ ಎಂದು, ರೆಸಿನ್ ಸುರಿದ ಅಚ್ಚುಗಳಾದ ಮೋಲ್ಡ್‌ಗಳನ್ನು ಬಚ್ಚಲೊಲೆಯ ಪಕ್ಕದ ಹಲಗೆಯ ಮೇಲೆ ಬೆಚ್ಚಗೆ ಇಟ್ಟಿದ್ದೆ, ಅದರಿಂದಲೂ ಉಪಯೋಗವಾಗಲಿಲ್ಲ.

ಡಬ್ಬಿಯ ಮೇಲೆ 2:1 ಎಂದಿದೆ. ನಾನು ಡಿಜಿಟಲ್ ತಕ್ಕಡಿಯಲ್ಲಿ 20 ಗ್ರಾಂ ರೆಸಿನ್, 10 ಗ್ರಾಂ ಹಾರ್ಡನರ್ ತೂಗಿ ಬೆರೆಸುತ್ತೇನೆ. ಮಾರಿದವರನ್ನು ವಿಚಾರಿಸಿದರೆ ಮಳೆಗಾಲ ಮುಗಿಯುವವರೆಗೆ ನಿಲ್ಲಿಸಿ ಎಂದಷ್ಟೇ ಹೇಳಿದರು. ಅಜ್ಜಿಯ ಬಳೆಯ ಚೂರುಗಳಲ್ಲಿ ಇನ್ನು ಹನ್ನೊಂದು ಮಾತ್ರ ಉಳಿದಿವೆ, ಅವನ್ನು ಹಾಳುಮಾಡಲು ನನಗೆ ಧೈರ್ಯವಿಲ್ಲ. ತಪ್ಪು ರೆಸಿನ್‌ನದೋ, ನನ್ನ ಅಳತೆಯದೋ, ಅಥವಾ ಮಳೆಯದೋ, ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಸಾಗರದಿಂದ)

ತಂಗಿ, ನೀವು ಒಂದೇ ತೊಂದರೆ ಎಂದುಕೊಂಡಿರುವುದು ನಿಜವಾಗಿ ನಾಲ್ಕು ಬೇರೆ ಬೇರೆ ತೊಂದರೆಗಳು. ಆರು ವರ್ಷಗಳಿಂದ ನಾನೂ ಇದೇ ಕೆಲಸ ಮಾಡುತ್ತಿದ್ದೇನೆ. ಈ ನಾಲ್ಕನ್ನೂ ಅನುಭವಿಸಿದ್ದೇನೆ. ನೀವು ಲಕ್ಷಣಗಳನ್ನು ಇಷ್ಟು ಬಿಡಿಸಿ ಬರೆದಿರುವುದರಿಂದ ಹೇಳುವುದು ಸುಲಭವಾಯಿತು.

ಮೆತ್ತಗೆ ಉಳಿದ ಎರಡು ಪದಕಗಳಿಗೆ ಕಾರಣ ಅಳತೆ. ಡಬ್ಬಿಯ ಮೇಲಿನ 2:1 ತೂಕದ್ದೋ ಘನ ಅಳತೆಯದ್ದೋ ಎಂಬುದನ್ನು ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ, ಮೊದಲು ಅದನ್ನು ನೋಡಿ. ಹಾರ್ಡನರ್ ಸಾಮಾನ್ಯವಾಗಿ ರೆಸಿನ್‌ಗಿಂತ ಹಗುರ. ಆದ್ದರಿಂದ ಮಿಲಿಲೀಟರ್ ಲೆಕ್ಕದ 2:1 ಅನ್ನು ಗ್ರಾಂ ಲೆಕ್ಕದಲ್ಲಿ ತೂಗಿದರೆ ಹಾರ್ಡನರ್ ಹೆಚ್ಚಾಗಿಬಿಡುತ್ತದೆ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಜಾಸ್ತಿ ಹಾಕುವವರೂ ಇದ್ದಾರೆ, ಅದು ತಪ್ಪು ತಿಳಿವಳಿಕೆ. ಹೆಚ್ಚಾದ ಹಾರ್ಡನರ್‌ಗೆ ಕೂಡಿಕೊಳ್ಳಲು ರೆಸಿನ್ ಸಿಗದೆ ಅದು ಹಾಗೆಯೇ ಒಳಗೆ ಉಳಿದು ಇಡೀ ತುಂಡನ್ನು ಮೆತ್ತಗಾಗಿಸುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಸೂಜಿಯಿಲ್ಲದ ಸಿರಿಂಜ್‌ಗಳನ್ನು ಎರಡು ತಂದು, ಒಂದನ್ನು ರೆಸಿನ್‌ಗೆ, ಇನ್ನೊಂದನ್ನು ಹಾರ್ಡನರ್‌ಗೆ ಎಂದು ಗುರುತು ಮಾಡಿ ಇಟ್ಟುಕೊಳ್ಳಿ. ಮೂರು ನಿಮಿಷ ನಿಧಾನವಾಗಿ ಕಲಸಿ, ಲೋಟದ ಗೋಡೆ ಮತ್ತು ತಳವನ್ನು ಕೆರೆಯುತ್ತಾ ಇರಿ, ನಂತರ ಅದನ್ನು ಇನ್ನೊಂದು ಸ್ವಚ್ಛ ಲೋಟಕ್ಕೆ ಸುರಿದು ಮತ್ತೆ ಒಂದು ನಿಮಿಷ ಕಲಸಿ. ಮೊದಲ ಲೋಟದ ಗೋಡೆಗೆ ಅಂಟಿದ, ಸರಿಯಾಗಿ ಬೆರೆಯದ ರೆಸಿನ್ ಮೋಲ್ಡ್‌ಗೆ ಹೋಗದಂತೆ ತಡೆಯುವುದು ಈ ಎರಡನೆಯ ಲೋಟ.

ಹಾಳೆಯ ಗುಳ್ಳೆಗಳಿಗೆ ಕಾರಣ ಹಾಳೆಯೇ. ಹಾಳೆ ಎಷ್ಟು ಒಣಗಿದಂತೆ ಕಂಡರೂ ಅದರ ನಾರಿನ ನಡುವೆ ಗಾಳಿ ಇರುತ್ತದೆ. ಪುನರ್ವಸು, ಪುಷ್ಯದ ದಿನಗಳಲ್ಲಾದರೆ ನೀರಿನ ಪಸೆಯೂ ಇರುತ್ತದೆ. ಬಟ್ಟೆ ಒಣಗದ ಹವೆಯಲ್ಲಿ ಹಾಳೆ ಒಣಗುವುದಾದರೂ ಹೇಗೆ? ನಾನು ಹಪ್ಪಳದ ಡಬ್ಬಿಯಂಥ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳನ್ನು ಹರಡಿ, ಅದರ ಮೇಲೆ ಕಾಗದ ಹಾಸಿ ಹಾಳೆ, ಕಾಗದ, ಜರಿ, ದಾರ ಎಲ್ಲವನ್ನೂ ಕನಿಷ್ಠ ಐದು ದಿನ ಇಡುತ್ತೇನೆ. ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಪುಟ್ಟ ಪೊಟ್ಟಣಗಳನ್ನು ಎಸೆಯದೆ ಕೂಡಿಡಿ, ಅವೂ ಇದಕ್ಕೆ ಸಾಕು. ಹೀಗೆ ಒಣಗಿದ ಹಾಳೆಗೆ ಕುಂಚದಿಂದ ಎಲ್ಲ ಕಡೆಯೂ ತೆಳುವಾಗಿ ರೆಸಿನ್ ಸವರಿ ಗಟ್ಟಿಯಾಗಲು ಬಿಡಬೇಕು, ಆಮೇಲೆಯೇ ಮೋಲ್ಡ್‌ನಲ್ಲಿ ಕೂರಿಸಿ ಉಳಿದ ರೆಸಿನ್ ಸುರಿಯಬೇಕು. ನಾರಿನ ಬಾಯಿ ಮೊದಲೇ ಮುಚ್ಚಿದ್ದರೆ ಗಾಳಿ ಹೊರಗೆ ಬರುವುದಿಲ್ಲ.

ಲಗ್ನಪತ್ರಿಕೆಗೆ ಇನ್ನೂ ಸುಲಭದ ದಾರಿ ಇದೆ. ಫೆವಿಕಾಲನ್ನು ಸ್ವಲ್ಪ ನೀರಿನಲ್ಲಿ ತೆಳುಮಾಡಿ ಎರಡೂ ಬದಿಗೆ, ಅಂಚಿಗೂ, ಎರಡು ಸಲ ಸವರಿ ಪೂರ್ತಿ ಒಣಗಿಸಿ. ಬಣ್ಣ ಕದಡುತ್ತದೆಯೇ ಎಂಬುದನ್ನು ಮೊದಲು ಒಂದು ಮೂಲೆಯಲ್ಲಿ ನೋಡಿಕೊಳ್ಳಿ. ಅಂಚನ್ನು ಬಿಟ್ಟರೆ ಅಲ್ಲಿಂದಲೇ ರೆಸಿನ್ ಒಳಗೆ ಹಬ್ಬುತ್ತದೆ. ನಾನು ಹೀಗೆಯೇ ಒಂದು ಹಳೆಯ ಅಂತರ್ದೇಶೀಯ ಪತ್ರವನ್ನು ಕಳೆದುಕೊಂಡೆ, ಇಂದಿಗೂ ಆ ಬೇಸರ ಹೋಗಿಲ್ಲ.

ನಾಲ್ಕನೆಯದು ಕೆನೆಯಂಥ ಪೊರೆ. ಅದು ಮಳೆಯದೇ ಕೆಲಸ. ಆದರೆ ಪದಕ ಹಾಳಾಗಿಲ್ಲ, ಎಸೆಯಬೇಡಿ. ಉಗುರು ಬೆಚ್ಚಗಿನ ನೀರು, ಸ್ವಲ್ಪ ಸೋಪು, ಪಾತ್ರೆ ತಿಕ್ಕುವ ಮೃದುವಾದ ಸ್ಪಂಜು ತೆಗೆದುಕೊಂಡು ತೊಳೆದು ನೋಡಿ, ಪೊರೆ ನೀರಿನಲ್ಲಿ ಕರಗಿ ಹೋಗುತ್ತದೆ. ನಂತರ ಚೆನ್ನಾಗಿ ಒಣಗಿಸಿ, 400ರ ಮರಳುಕಾಗದವನ್ನು ನೀರಿನಲ್ಲಿ ಅದ್ದಿ ಮೇಲ್ಮೈಯನ್ನು ಉಜ್ಜಿ, ಒರೆಸಿ, ಮತ್ತೆ ಪೂರ್ತಿ ಒಣಗಿದ ಮೇಲೆ ತೆಳುವಾಗಿ ಹೊಸ ರೆಸಿನ್ ಸುರಿಯಿರಿ. ತೊಳೆಯದೆ ಮೇಲೆ ಸುರಿದರೆ ಹೊಸ ಪದರ ಸಿಪ್ಪೆಯಂತೆ ಎದ್ದು ಬರುತ್ತದೆ.

ಉತ್ತರ 2 (ಶಿವಮೊಗ್ಗದಿಂದ)

ಸಾಗರದ ಸೋದರಿ ಬರೆದಿರುವುದೆಲ್ಲ ಸರಿಯಾಗಿದೆ. ರಸಾಯನಶಾಸ್ತ್ರ ಕಲಿಸುವವನಾಗಿ ಆ ಪೊರೆಯ ಕಾರಣವನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಬಚ್ಚಲೊಲೆಯ ಪಕ್ಕ ಇಟ್ಟದ್ದೇ ನಿಮ್ಮ ತೊಂದರೆಯನ್ನು ಹೆಚ್ಚಿಸಿದೆ ಎಂದು ನನಗೆ ತೋರುತ್ತದೆ.

ಎಪಾಕ್ಸಿ ಎಂಬುದು ನಮಗೆ ಹೊಸದಲ್ಲ. 1940ರ ದಶಕದಲ್ಲಿ ಸ್ವಿಟ್ಜರ್ಲೆಂಡ್‌ನಿಂದ ಮಾರುಕಟ್ಟೆಗೆ ಬಂದ, ನಾವೆಲ್ಲ ಎರಡು ಟ್ಯೂಬುಗಳಿಂದ ಹಿಂಡಿ ಬೆರೆಸಿ ಒಡೆದ ಪಿಂಗಾಣಿಯನ್ನು ಅಂಟಿಸಿರುವ ಅರಾಲ್ಡೈಟ್ ಇದೇ ಕುಟುಂಬದ್ದು. ರೆಸಿನ್‌ನ ಕಣಗಳನ್ನು ಹಾರ್ಡನರ್‌ನ ಅಮೈನ್ ಎಂಬ ರಾಸಾಯನಿಕಗಳು ಒಂದಕ್ಕೊಂದು ಹೆಣೆದು ಬಲೆಯಂತೆ ಮಾಡಿದಾಗ ಅದು ಗಟ್ಟಿಯಾಗುತ್ತದೆ. ಹವೆ ತಂಪಾಗಿದ್ದರೆ ಈ ಹೆಣಿಗೆ ನಿಧಾನವಾಗಿ ನಡೆಯುತ್ತದೆ. ಆ ಹೊತ್ತಿನಲ್ಲಿ ಮೇಲ್ಮೈಯಲ್ಲಿರುವ ಅಮೈನ್, ಗಾಳಿಯ ತೇವಾಂಶ ಮತ್ತು ಇಂಗಾಲದ ಡೈಆಕ್ಸೈಡ್‌ಗಳೊಡನೆ ಕೂಡಿ ಲವಣದಂಥ ವಸ್ತುವಾಗುತ್ತದೆ. ನೀವು ಕಂಡ ಕೆನೆ ಅದೇ. ನೀರಿನಲ್ಲಿ ಕರಗುವುದೂ ಅದಕ್ಕೇ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ದಾರಿಯಲ್ಲಿ ತೇವಾಂಶಕ್ಕೆ ಬರವಿಲ್ಲ. ಇನ್ನು ಬಚ್ಚಲೊಲೆ: ಸೌದೆ ಉರಿದಾಗ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಎರಡೂ ಹೊರಬರುತ್ತವೆ, ಹಂಡೆಯ ಹಬೆ ಬೇರೆ. ಶಾಖ ಸಿಕ್ಕಿತು ನಿಜ, ಆದರೆ ಪೊರೆ ಕಟ್ಟಲು ಬೇಕಾದ ಎರಡೂ ವಸ್ತುಗಳನ್ನು ಅದರ ಜೊತೆಗೇ ಒದಗಿಸಿದಂತಾಯಿತು.

ಬೇಕಾದದ್ದು ಒಣ ಶಾಖ. ಒಂದು ಹಳೆಯ ಮರದ ಪೆಟ್ಟಿಗೆಯೊಳಗೆ ಫಿಲಮೆಂಟ್ ಇರುವ 40 ವ್ಯಾಟ್ ಬಲ್ಬನ್ನು ಹೋಲ್ಡರ್‌ಗೆ ಭದ್ರವಾಗಿ ಕೂರಿಸಿ, ಮರಕ್ಕೂ ಮೋಲ್ಡ್‌ಗೂ ತಾಗದಷ್ಟು ದೂರದಲ್ಲಿರಿಸಿ. ಎಲ್‌ಇಡಿ ಬಲ್ಬಿನಿಂದ ಇದಕ್ಕೆ ಸಾಲುವಷ್ಟು ಶಾಖ ಬರುವುದಿಲ್ಲ. ಒಳಗೆ ಒಂದು ತಾಪಮಾಪಕ ಇಟ್ಟು 25ರಿಂದ 28 ಡಿಗ್ರಿ ಇರುವಂತೆ ನೋಡಿಕೊಳ್ಳಿ, ಸುರಿಯುವ ಮೊದಲೇ ಅರ್ಧ ಗಂಟೆ ಉರಿಸಿ ಪೆಟ್ಟಿಗೆಯನ್ನು ಒಣಗಿಸಿಕೊಳ್ಳಿ. ಥರ್ಮೋಕೋಲ್ ಪೆಟ್ಟಿಗೆ ಬೇಡ, ಬಲ್ಬಿನ ಬಿಸಿಗೆ ಅದು ಕರಗಿ ಬೆಂಕಿ ಹತ್ತಬಹುದು. ಮಲಗುವ ಮುನ್ನ ಬಲ್ಬನ್ನು ಆರಿಸಿಬಿಡಿ. ಬೆಳಿಗ್ಗೆ ಸುರಿದರೆ ಸಂಜೆಯ ಹೊತ್ತಿಗೆ ಪೊರೆ ಕಟ್ಟುವ ಅಪಾಯದ ಹಂತ ದಾಟಿರುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಲೇಬೇಕು. ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿಕೊಂಡು ಅಡಿಗೆಮನೆಯಲ್ಲಿ ಈ ಕೆಲಸ ಮಾಡುವುದು ತರವಲ್ಲ. ಹಾರ್ಡನರ್ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಉಂಟಾಗಬಹುದು. ಒಮ್ಮೆ ಬಂದರೆ ಮುಂದೆ ಒಂದು ಹನಿ ಬಿದ್ದರೂ ತುರಿಕೆ, ದದ್ದು ಏಳುತ್ತವೆ. ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಕೈಗೆ ತಾಗಿದರೆ ಸ್ಪಿರಿಟ್, ಥಿನ್ನರ್ ಹಚ್ಚಬೇಡಿ, ಒರೆಸಿ ಸೋಪಿನಿಂದ ತೊಳೆಯಿರಿ. ಉಜ್ಜುವಾಗ ನೀರು ಹಾಕಿಯೇ ಉಜ್ಜಿ, ಮುಖಕ್ಕೆ ಎನ್95 ಮಾಸ್ಕ್ ಇರಲಿ. ಆ ಮಾಸ್ಕ್ ದೂಳನ್ನು ತಡೆಯುತ್ತದೆಯೇ ಹೊರತು ಆವಿಯನ್ನಲ್ಲ. ಬಳಸಿದ ಲೋಟ, ಚಮಚ ಮತ್ತೆ ಅಡಿಗೆಗೆ ಹೋಗಬಾರದು. ರೇಡಿಯೋದ ರೆಸಿಸ್ಟರ್‌ಗಳನ್ನು ಇಡಿಯಾಗಿಯೇ ಕೂರಿಸಿ. ಹಳೆಯ ಬೆಸುಗೆಯಲ್ಲಿ ಸೀಸ ಇರುತ್ತದೆ, ಆದ್ದರಿಂದ ಅದು ಉಜ್ಜುವ ಮೇಲ್ಮೈಗೆ ಬರದಂತೆ ಪೂರ್ತಿ ಮುಳುಗಿರಬೇಕು. ಸರ್ಕ್ಯೂಟ್ ಬೋರ್ಡನ್ನು ಮನೆಯಲ್ಲಿ ಕತ್ತರಿಸಲು ಹೋಗಬೇಡಿ.

ಉತ್ತರ 3 (ಹೊಸನಗರದಿಂದ)

ನಿಮ್ಮ ಆಸಕ್ತಿಯನ್ನು ಕುಂದಿಸುವ ಉದ್ದೇಶ ನನಗಿಲ್ಲ, ಆದರೂ ಒಂದು ಸಂದೇಹ. ಅಡಿಕೆ ಹಾಳೆ ತೋಟದಲ್ಲಿ ಬಿದ್ದರೆ ಕೊಳೆತು ಗೊಬ್ಬರವಾಗುತ್ತದೆ. ಅದನ್ನು ಎಂದಿಗೂ ಕೊಳೆಯದ, ಮತ್ತೆ ಕರಗಿಸಲಾಗದ ರೆಸಿನ್‌ನಲ್ಲಿ ಮುಳುಗಿಸಿದರೆ ಅದು ಮರುಬಳಕೆ ಹೇಗಾದೀತು? ಗಾಜು, ಲೋಹಗಳಿಗಾದರೂ ಮತ್ತೆ ಕರಗಿ ಬೇರೆ ರೂಪ ಪಡೆಯುವ ಅವಕಾಶವಿತ್ತು, ರೆಸಿನ್ ಸೇರಿದ ಮೇಲೆ ಅದೂ ಹೋಯಿತು.

ಉತ್ತರ 4 (ಸಾಗರದಿಂದ, ಎರಡನೆಯ ಬಾರಿ)

ಹೊಸನಗರದವರ ಮಾತಿನಲ್ಲಿ ಸತ್ಯವಿದೆ. ನಾನು ಇದನ್ನು ಪರಿಸರಸ್ನೇಹಿ ಎಂದು ಹೇಳಿ ಮಾರುವುದನ್ನು ಬಿಟ್ಟದ್ದು ಅದೇ ಕಾರಣಕ್ಕೆ. ರೆಸಿನ್ ಹೊಸ ವಸ್ತುವೇ, ಅದು ಮಣ್ಣಿಗೆ ಸೇರುವುದಿಲ್ಲ. ಆದರೆ ಒಡೆದ ಬಳೆಯ ಚೂರನ್ನು ಕರಗಿಸಲು ನಮ್ಮ ಊರಿನಿಂದ ಯಾರೂ ಒಯ್ಯುವುದಿಲ್ಲ, ಅದು ಹಿತ್ತಿಲಿಗೆ ಬಿದ್ದು ಕಾಲಿಗೆ ಚುಚ್ಚುತ್ತದೆ. ಬೇರೆ ದಾರಿಯಿಲ್ಲದ, ನೆನಪಿಗಾಗಿ ಉಳಿಸಬೇಕಾದ ವಸ್ತುಗಳಿಗೆ ಮಾತ್ರ ರೆಸಿನ್ ಬಳಸುವುದು, ಹಾಳೆ, ಎಲೆ, ಹೂಗಳನ್ನು ಆದಷ್ಟು ತೋಟಕ್ಕೇ ಬಿಡುವುದು ನಾನು ಹಾಕಿಕೊಂಡ ಕಟ್ಟು. ಬೇಕಾದಷ್ಟನ್ನೇ ಕಲಸುತ್ತೇನೆ, ಲೋಟದಲ್ಲಿ ಉಳಿದದ್ದನ್ನು ಗುಂಡಿಗಳ ಮೋಲ್ಡ್‌ಗೆ ಸುರಿಯುತ್ತೇನೆ. ಗಟ್ಟಿಯಾಗದ ರೆಸಿನ್ ಬಚ್ಚಲಿನ ನೀರಿಗೆ ಹೋಗಲೇಬಾರದು, ಆ ನೀರು ಕೊನೆಗೆ ಸೇರುವುದು ನಮ್ಮದೇ ತೋಟದ ಕಾಲುವೆಯನ್ನು.

ತಂಗಿ, ಓಲೆಗೆ ಕೊಕ್ಕೆ ಕೊಳ್ಳುವಾಗ ನಿಕ್ಕಲ್ ಲೇಪದ್ದು ಬೇಡ, ಬಹಳ ಜನರ ಕಿವಿ ಕೆರೆದು ಸೋರುತ್ತದೆ. ಬೆಳ್ಳಿಯದು ತನ್ನಿ, ಅಥವಾ ಸರ್ಜಿಕಲ್ ಸ್ಟೀಲ್‌ನದು.

ಪ್ರಶ್ನೆ ಕೇಳಿದವರಿಂದ, ಹದಿನೆಂಟು ದಿನಗಳ ನಂತರ

ಅಕ್ಕನವರಿಗೂ, ಮೇಷ್ಟ್ರಿಗೂ, ಹೊಸನಗರದವರಿಗೂ ಕೃತಜ್ಞತೆಗಳು. ಡಬ್ಬಿಯ ತಳದಲ್ಲಿ ಘನ ಅಳತೆ ಎಂದೇ ಇತ್ತು, ನಾನು ಓದಿರಲಿಲ್ಲ. ಮಾವನವರ ಹಳೆಯ ಟ್ರಂಕು ತಗಡಿನದಾದ್ದರಿಂದ ಅದನ್ನು ಬಿಟ್ಟು, ಅಟ್ಟದ ಮೇಲಿದ್ದ ಹಲಸಿನ ಮರದ ಪೆಟ್ಟಿಗೆಯನ್ನು ಇಳಿಸಿಕೊಂಡೆ. ಯಜಮಾನರು ಹೋಲ್ಡರ್ ಕೂರಿಸಿಕೊಟ್ಟರು. ಮೊದಲ ಸಲ ಷರ್ಟಿನ ಗುಂಡಿಗಳನ್ನಷ್ಟೇ ಹಾಕಿ ನೋಡಿದೆ. ಮಧ್ಯಾಹ್ನ ಎರಡು ಗಂಟೆ ಕರೆಂಟು ಹೋಗಿದ್ದರಿಂದ ಒಂದು ಮೂಲೆಯಲ್ಲಿ ಸ್ವಲ್ಪ ಮಸುಕು ಬಂತು, ತೊಳೆದಾಗ ಹೋಯಿತು. ಎರಡನೆಯ ಸಲದ್ದು ತಿಳಿಯಾಗಿ ಬಂತು. ಮೆತ್ತಗೆ ಉಳಿದ ಎರಡನ್ನು ಉಳಿಸಲಾಗಲಿಲ್ಲ. ಮೇಲಿನ ಮೆತ್ತನೆಯ ರೆಸಿನ್ ಅನ್ನು ಕೆರೆದು ಒಳಗಿನ ಜರಿಯನ್ನು ಬಿಡಿಸಲು ಯತ್ನಿಸಿದೆ, ಅದು ಹರಿದುಹೋಯಿತು.

ಹಾಳೆಯನ್ನು ಇನ್ನು ಮುಂದೆ ಬಳಸುವುದಿಲ್ಲ. ಮೊನ್ನೆ ಬೆಳಿಗ್ಗೆ ಅಜ್ಜಿಯ ಹಸಿರು ಬಳೆಯ ಒಂದು ಚೂರಿನ ಚೂಪಾದ ತುದಿಗಳನ್ನು ನೀರಿನಲ್ಲಿ ಉಜ್ಜಿ, ಒಣಗಿಸಿ, ಪದಕದ ಮೋಲ್ಡ್‌ನಲ್ಲಿ ಕೂರಿಸಿದೆ. ಇಂದು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದರೆ ಚೂರಿನ ಮೇಲಿನ ಬಂಗಾರದ ಚುಕ್ಕೆಗಳು ಮೂರೂ ಎಣಿಸುವಂತೆ ಕಾಣುತ್ತಿವೆ. ಇನ್ನು ಹತ್ತು ಚೂರುಗಳಿವೆ. ಅವನ್ನು ಸಿಲಿಕಾ ಜೆಲ್‌ನ ಡಬ್ಬಿಯಲ್ಲಿ ಇಟ್ಟಿದ್ದೇನೆ.