ಶಿಲ್ಪ, ಚಿತ್ರ ಮಾರಿಕೊಂಡು ಜೀವನ ಮಾಡೋಕೆ ಆಗುತ್ತಾ? ಕೋಲಾರ ಕಡೆಯವರು ಸ್ವಲ್ಪ ಹೇಳಿ

ಮಾಲೂರು ಹುಡುಗ

ಎಲ್ಲರಿಗೂ ನಮಸ್ಕಾರ. ನನಗೆ 26. ಬಿಕಾಂ ಮುಗಿಸಿ ನರಸಾಪುರದಲ್ಲಿ ಒಂದು ಫ್ಯಾಕ್ಟರಿಯ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಸೋದರಮಾವ ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುತ್ತಾರೆ. ರಜೆ ಸಿಕ್ಕರೆ ನಾನು ಅವರ ಶೆಡ್ಡಿನಲ್ಲೇ. ಉಳಿ ಹಿಡಿಯೋಕೆ ನನಗೆ ಬರಲ್ಲ, ಆದರೆ ಗಿರಾಕಿ ಜೊತೆ ಮಾತು, ಬಿಲ್ಲು, ಲಾರಿ, ಇವೆಲ್ಲ ಬರುತ್ತವೆ. ಮೊನ್ನೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಮಾವ ಕೆತ್ತಿದ ಗಣಪತಿಯನ್ನೇ ನೋಡಿದೆ. ಅವರಿಗೆ ಕೊಟ್ಟಿದ್ದಕ್ಕಿಂತ ಮೂರು ಪಟ್ಟು ಬೆಲೆ! ಮಾವನ ಹೆಸರು ಎಲ್ಲೂ ಇಲ್ಲ. ಹೊಟ್ಟೆ ಉರಿಯಿತು, ಆಮೇಲೆ ಈ ಕೆಲಸ ನಾನೇ ಯಾಕೆ ಮಾಡಬಾರದು ಅನ್ನಿಸಿತು.

ಇನ್ನೊಂದು ವಿಷಯ. ಪರಿಚಯದವರೊಬ್ಬರ ಹಳೇ ಮನೆ ಪಾಯ ಅಗೆಯುವಾಗ ಸಣ್ಣ ಕಂಚಿನ ವಿಗ್ರಹ ಸಿಕ್ಕಿದೆಯಂತೆ. ಮಾರಿಸಿಕೊಡು, ಕಮಿಷನ್ ಕೊಡುತ್ತೇನೆ ಅಂತಿದ್ದಾರೆ. ಅದರಿಂದಲೇ ಶುರು ಮಾಡಲಾ?

ಹಳೇ ಅಂಗಡಿ

ತಮ್ಮಾ, ಮೊದಲು ಆ ಕಂಚಿನ ವಿಗ್ರಹದಿಂದ ಕೈ ತೆಗಿ. ನೆಲದಲ್ಲಿ ಸಿಕ್ಕಿದ್ದು ನಿಧಿ ಲೆಕ್ಕಕ್ಕೆ ಬರುತ್ತದೆ, ಡಿಸಿಗೆ ತಿಳಿಸಬೇಕು. ನೂರು ವರ್ಷ ದಾಟಿದ ವಿಗ್ರಹ, ಚಿತ್ರ ಎಲ್ಲ 1972ರ ಕಾಯ್ದೆ ಪ್ರಕಾರ ಪುರಾವಸ್ತು. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವ ಹಾಗಿಲ್ಲ. ದೇಶದ ಆಚೆಗೆ ಖಾಸಗಿಯವರು ಕಳಿಸೋ ಮಾತೇ ಇಲ್ಲ.

ಸುಮ್ನೆ ಹೆದರಿಸುತ್ತಿಲ್ಲ. ತಮಿಳುನಾಡಿನ ಶ್ರೀಪುರಂದಾನ್ ದೇವಸ್ಥಾನದಿಂದ ಕದ್ದ ನಟರಾಜನನ್ನು ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಡಾಲರ್ ಕೊಟ್ಟು ತಗೊಂಡಿತ್ತು. ಹಳೇ ಮಾಲೀಕರ ಕಾಗದ ಎಲ್ಲ ನೀಟಾಗಿತ್ತು, ಎಲ್ಲ ಸುಳ್ಳು. 2014ರಲ್ಲಿ ನಟರಾಜ ವಾಪಸ್ ಬಂದ. ಮಾರಿದ ನ್ಯೂಯಾರ್ಕ್ ವ್ಯಾಪಾರಿಗೆ ಬೇರೊಂದು ವಿಗ್ರಹ ಕಳ್ಳತನದ ಕೇಸಿನಲ್ಲಿ 2022ರಲ್ಲಿ ಕುಂಭಕೋಣದ ಕೋರ್ಟು 10 ವರ್ಷ ಶಿಕ್ಷೆ ಕೊಟ್ಟಿತು. ಅಷ್ಟು ದೊಡ್ಡವರ ಕಥೆಯೇ ಹಾಗಾದರೆ ನೀನೆಷ್ಟು, ನಾನೆಷ್ಟು.

ನಾನು ಈ ವ್ಯಾಪಾರದಲ್ಲಿ 31 ವರ್ಷ ಇದ್ದೆ. ಶಿಲ್ಪವೇ ಜಾಸ್ತಿ, ಮಧ್ಯೆ ಮಧ್ಯೆ ಚಿತ್ರ. ಆ ಮೂರು ಪಟ್ಟು ನೋಡಿ ಮರುಳಾಗಬೇಡ. ಮಾಲು ತಂದ ದಿನವೇ ಹೋಗಲ್ಲ, ನನ್ನ ಹತ್ತಿರ ಒಬ್ಬ ಬುದ್ಧ ಐದು ವರ್ಷ ಬಾಗಿಲ ಪಕ್ಕ ಕೂತಿದ್ದ, ಕೊನೆಗೆ ಮನೆಯವನೇ ಆಗಿಬಿಟ್ಟಿದ್ದ, ಮಳೆ ಬಂದರೆ ಅವನ ಮೇಲೆ ಛತ್ರಿ ಒಣಗಿಸುತ್ತಿದ್ದೆವು. ಅಂಗಡಿ ಬಾಡಿಗೆ, ಒಡೆದಿದ್ದು, ಸಾಲ ನಿಂತಿದ್ದು ಎಲ್ಲ ಆ ಮೂರು ಪಟ್ಟಿನೊಳಗೇ ಬರಬೇಕು. ಗ್ಯಾಲರಿಗಳು ಮಾರಿದ ಬೆಲೆಯಲ್ಲಿ ಮೂರನೇ ಒಂದು ಭಾಗದಿಂದ ಅರ್ಧದ ತನಕ ಹಿಡಿದುಕೊಳ್ಳೋದು ಅದಕ್ಕೇ.

ನನಗೆ ಬಿದ್ದ ಮೊದಲ ಪೆಟ್ಟು ಹೇಳುತ್ತೇನೆ. ಕಪ್ಪಗೆ ಮಿರಿಮಿರಿ ಮಿಂಚುವ ಒಂದು ದೇವಿ ವಿಗ್ರಹ ತಗೊಂಡೆ. ಎಣ್ಣೆ ಹಚ್ಚಿದ್ದರು. ಬೇಸಿಗೆಯಲ್ಲಿ ಎಣ್ಣೆ ಆರಿದ ಮೇಲೆ ಸೊಂಟದ ಹತ್ತಿರ ಒಂದು ಗೆರೆ ಕಂಡಿತು. ಕಲ್ಲಿನ ಪುಡಿಗೆ ಅಂಟು ಕಲಸಿ ತುಂಬಿದ್ದರು. ಅವತ್ತಿಂದ ಎಣ್ಣೆ ಹಚ್ಚಿದ ಮಾಲು ತಗೊಳ್ಳಲಿಲ್ಲ. ಮೈಮೇಲೆ ನೀರು ಸುರಿದು ಆರೋಕೆ ಬಿಡು. ಬಿರುಕಿದ್ದ ಕಡೆ ಒಂದು ಗೆರೆ ಮಾತ್ರ ಒದ್ದೆಯಾಗಿ ಉಳಿಯುತ್ತದೆ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟು, ಒಳ್ಳೇ ಕಲ್ಲು ಗಂಟೆ ಹಾಗೆ ಅನ್ನುತ್ತದೆ, ಬಿರುಕು ಬಿಟ್ಟಿದ್ದು ಮಂದ ಸದ್ದು. ನಿಮ್ಮ ಮಾವನಿಗೆ ಇದೆಲ್ಲ ಗೊತ್ತು, ಕೇಳು.

ಕಲ್ಲುಕುಟಿಗರ ಮಗಳು

ನಾನು ಶಿವಾರಪಟ್ಟಣದವಳೇ. ಅಂಗಡಿಯವರ ಕಷ್ಟ ಕೇಳಿ ಅಯ್ಯೋ ಅನ್ನಿಸಿತು, ಆದರೆ ನಮ್ಮಪ್ಪನ ಕಡೆಯಿಂದಲೂ ಸ್ವಲ್ಪ ಹೇಳುತ್ತೇನೆ. ಅಡ್ವಾನ್ಸ್ ಕೊಡದೆ ಆರ್ಡರ್ ಹೇಳಿ ಹೋಗುತ್ತಾರೆ. ಕಲ್ಲು ತರಿಸೋದು ನಾವು, ಕೂಲಿ ಕೊಡೋದು ನಾವು. ಮಾರಿದ ಮೇಲೂ "ಮುಂದಿನ ವಾರ" ಅಂತಲೇ ಆರು ತಿಂಗಳು. ಒಬ್ಬರಂತೂ ಲಾರಿಯಲ್ಲಿ ಕೈಬೆರಳು ಮುರಿದ ವಿಗ್ರಹವನ್ನು ವಾಪಸ್ ತಂದು, ಕೆತ್ತಿದ್ದೇ ಹಾಗೆ ಅಂದರು! ಪೂಜೆಗೆ ಕೊಡುವ ವಿಗ್ರಹದಲ್ಲಿ ಬೆರಳು ಹೋದರೆ ಅದು ಭಿನ್ನ ವಿಗ್ರಹ. ಯಾವ ಬೆಲೆಗೂ ಗರ್ಭಗುಡಿಗೆ ಹೋಗಲ್ಲ.

ಹಾಗಾಗಿ ಶುರು ಮಾಡುವುದಾದರೆ ಹೀಗೆ ಮಾಡಿ. ಅರ್ಧ ದುಡ್ಡು ಮೊದಲೇ. ಲಾರಿ ಹತ್ತುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ. ಬಿಲ್ಲಿನಲ್ಲಿ ಕೆತ್ತಿದವರ ಹೆಸರು, ಊರು, ವರ್ಷ. ಇವತ್ತಿನ ಬಿಲ್ಲೇ ನಾಳೆ ಆ ಶಿಲ್ಪದ ಜಾತಕ ಅಲ್ವಾ? ಕಾಪಿರೈಟ್ ಕಾಯ್ದೆಯ 53ಎ ಕಲಮು ಅಂತ ಒಂದಿದೆ. ಮೂಲ ಚಿತ್ರ, ಶಿಲ್ಪ 10,000 ರೂಪಾಯಿಗಿಂತ ಜಾಸ್ತಿಗೆ ಮರುಮಾರಾಟ ಆದರೆ ಮಾಡಿದವರಿಗೆ ಅದರಲ್ಲಿ ಪಾಲು ಇದೆ, ಶೇ 10 ಮೀರದ ಹಾಗೆ. ನಮ್ಮ ಬೀದಿಯಲ್ಲಿ ಅದನ್ನು ಪಡೆದವರನ್ನು ನಾನಂತೂ ನೋಡಿಲ್ಲ. ಹೆಸರೇ ಇಲ್ಲದಿದ್ದರೆ ಪಾಲು ಕೇಳೋದು ಯಾರು?

ತುಮಕೂರು ಲೆಕ್ಕಿಗ

ಲೆಕ್ಕದ ಮಾತು ಎರಡು. ಚಿತ್ರ, ಶಿಲ್ಪಕ್ಕೆ ಜಿಎಸ್‌ಟಿ ಶೇ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 5. ಹೊರದೇಶಕ್ಕೆ ಹೊಸ ಶಿಲ್ಪ ಕಳಿಸುವಾಗಲೂ ಕಸ್ಟಮ್ಸ್‌ನವರಿಗೆ ಅನುಮಾನ ಬಂದರೆ ಇದು ಪುರಾವಸ್ತು ಅಲ್ಲ ಅಂತ ಪುರಾತತ್ವ ಇಲಾಖೆಯ ಸರ್ಟಿಫಿಕೇಟ್ ಕೇಳುತ್ತಾರೆ. ಮೊದಲೇ ಮಾಡಿಸಿಕೊಂಡರೆ ಬಂದರಿನಲ್ಲಿ ಪೆಟ್ಟಿಗೆ ಕೊಳೆಯಲ್ಲ. ಆ ಮರದ ಪೆಟ್ಟಿಗೆಗೂ ಹುಳ ಇಲ್ಲ ಅನ್ನೋ ಮುದ್ರೆ ಬೇಕು. ಚಿತ್ರದ ಕಡೆ ಹೋದರೆ ಇನ್ನೊಂದು: ರವಿವರ್ಮ, ಜಾಮಿನಿ ರಾಯ್, ಅಮೃತಾ ಶೇರ್ಗಿಲ್ ಹೀಗೆ ಒಂಬತ್ತು ಜನರ ಕೆಲಸ ಎಷ್ಟೇ ಈಚಿನದಾದರೂ ದೇಶ ಬಿಟ್ಟು ಹೋಗುವ ಹಾಗಿಲ್ಲ.

ಮಾಲೂರು ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಕಂಚಿನ ವಿಗ್ರಹದವರಿಗೆ ಆಗಲ್ಲ, ಡಿಸಿ ಆಫೀಸಿಗೆ ತಿಳಿಸಿ ಅಂದೆ. ಫೋನ್ ಕಟ್ ಮಾಡಿದರು. ಕೆಲಸ ಸದ್ಯಕ್ಕೆ ಬಿಡಲ್ಲ. ಅಕ್ಕಾ, ನೀವು ಹೇಳಿದ್ದನ್ನು ಮಾವನಿಗೆ ಓದಿ ಹೇಳಿದೆ, ಬಿದ್ದು ಬಿದ್ದು ನಕ್ಕರು, ಆ ಬೆರಳಿನ ಕಥೆ ಅವರಿಗೂ ಆಗಿದೆಯಂತೆ. ಮೂರಡಿ ಗಣಪತಿ ಒಂದನ್ನು ನನ್ನ ಜವಾಬ್ದಾರಿಗೆ ಕೊಡುತ್ತೇನೆ ಅಂದಿದ್ದಾರೆ. ಹಳೇ ಅಂಗಡಿ ಸರ್, ಒಮ್ಮೆ ಬಂದು ನೋಡುತ್ತೀರಾ?

ಹಳೇ ಅಂಗಡಿ

ಬರುತ್ತೇನೆ. ಆದರೆ ಮೂರಡಿ ಈಗಲೇ ಬೇಡಪ್ಪ. ಒಂದು ಘನ ಅಡಿ ಕಲ್ಲು ಅಂದರೆ ಹತ್ತಿರ ಹತ್ತಿರ 75 ಕೆಜಿ. ಮೂರಡಿ ಎತ್ತರ, ಒಂದೂವರೆ ಅಗಲ, ಒಂದಡಿ ದಪ್ಪದ ಕಲ್ಲೇ ಮುನ್ನೂರು ಕೆಜಿ ದಾಟುತ್ತದೆ. ಕೆತ್ತಿದ ಮೇಲೆ ಇಳಿದರೂ ಎತ್ತೋಕೆ ನಾಲ್ಕು ಆಳು, ಮೇಲೆ ಟೆಂಪೋ ಬಾಡಿಗೆ, ಹೋಗದಿದ್ದರೆ ಮತ್ತೆ ಅಷ್ಟೇ ಖರ್ಚು. ಒಂದಡಿಯದು ಎರಡು ಕೇಳು. ಗೋಣಿಚೀಲದಲ್ಲಿ ಹುಲ್ಲು ತುಂಬಿ ಸುತ್ತಿದರೆ ಬಸ್ಸಿಗೇ ಹಾಕಿಕೊಂಡು ಬರಬಹುದು.