ಅಪ್‌ಡೇಟ್: ಬಯೋಮೆಡಿಕಲ್ ಅಂತರ್‌ಶಿಸ್ತೀಯ ಪಿಎಚ್‌ಡಿಗೆ ಏನೇನು ಬೇಕು?

ಎಂಜಿನಿಯರಿಂಗ್ ಹಿನ್ನೆಲೆಯವರು ಬಯೋಮೆಡಿಕಲ್ ವಿಷಯದಲ್ಲಿ ಅಂತರ್‌ಶಿಸ್ತೀಯ (ಒಂದಕ್ಕಿಂತ ಹೆಚ್ಚು ವಿಷಯ ಸೇರಿದ) ಪಿಎಚ್‌ಡಿ ಮುಗಿಸಲು ಯಾವ ಶರತ್ತುಗಳಿವೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಪಿಎಚ್‌ಡಿ ನಿಯಮಾವಳಿ ಓದಿದ ಮೇಲೆ ಚಿತ್ರ ಸ್ಪಷ್ಟವಾಯಿತು.

ಕೋರ್ಸ್‌ವರ್ಕ್ (ಸಂಶೋಧನೆಯ ಜೊತೆಗೆ ಓದಬೇಕಾದ ಕೋರ್ಸ್‌ಗಳು) ಕನಿಷ್ಠ 12 ಕ್ರೆಡಿಟ್. ಅದರಲ್ಲಿ ಸಂಶೋಧನಾ ನೈತಿಕತೆಯ ಕೋರ್ಸ್ ಕಡ್ಡಾಯ, ಒಟ್ಟಾರೆ 55% ಅಂಕ ಬೇಕು. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿಯಿಂದ ಇನ್ನೂ 2 ವರ್ಷ ಸಿಗಬಹುದು. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ಪ್ರಗತಿ ಮಂಡಿಸಬೇಕು. ಸಂಶೋಧನಾ ಲೇಖನ ಪ್ರಕಟಣೆ ಯುಜಿಸಿ ಮಟ್ಟದಲ್ಲಿ ಈಗ ಕಡ್ಡಾಯವಲ್ಲ, ಆದರೆ ವಿಶ್ವವಿದ್ಯಾಲಯಗಳು ತಮ್ಮದೇ ಷರತ್ತು ಹಾಕಬಹುದು. ಪ್ರವೇಶಕ್ಕೆ ಮೊದಲೇ ಅದನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ.

ಅಂತರ್‌ಶಿಸ್ತೀಯ ಕೆಲಸ ಹೆಚ್ಚಾಗಿ ಸಿಕ್ಕಿಬೀಳುವುದು ಅನುಮತಿಗಳಲ್ಲಿ. ರೋಗಿಗಳ ಮಾದರಿ ಅಥವಾ ದತ್ತಾಂಶಕ್ಕೆ ಸಾಂಸ್ಥಿಕ ನೈತಿಕ ಸಮಿತಿ, ಇಲಿಗಳ ಪ್ರಯೋಗಕ್ಕೆ ಪ್ರಾಣಿ ನೈತಿಕ ಸಮಿತಿ, ಜೀನ್ ಮಾರ್ಪಾಡಿಗೆ ಜೈವಿಕ ಸುರಕ್ಷತಾ ಸಮಿತಿ. ಒಂದೇ ಥೀಸಿಸ್‌ಗೆ ಮೂರೂ ಬೇಕಾಗಬಹುದು. ಅನುಮತಿಗೆ ಮೊದಲು ಸಂಶೋಧನೆಗೆಂದೇ ಸಂಗ್ರಹಿಸಿದ ದತ್ತಾಂಶಕ್ಕೆ ಸಾಮಾನ್ಯವಾಗಿ ಆಮೇಲೆ ಒಪ್ಪಿಗೆ ಸಿಗದು, ಅದು ಥೀಸಿಸ್‌ನಿಂದಲೇ ಹೊರಗುಳಿಯಬಹುದು. ಹಾಗಾಗಿ ಮೊದಲ ವರ್ಷದಲ್ಲೇ ಅರ್ಜಿ ಹಾಕಿ. ವೈದ್ಯಕೀಯ ವಿಭಾಗದ ಸಹ ಮಾರ್ಗದರ್ಶಕರ ಹೆಸರನ್ನೂ ಆರಂಭದಲ್ಲೇ ಅಧಿಕೃತವಾಗಿ ದಾಖಲಿಸಿ.

ಕೊನೆಯಲ್ಲಿ ಕೃತಿಚೌರ್ಯ ತಪಾಸಣೆ, ಕನಿಷ್ಠ ಇಬ್ಬರು ಬಾಹ್ಯ ಪರೀಕ್ಷಕರ ವರದಿ, ನಂತರ ಮೌಖಿಕ ಪರೀಕ್ಷೆ. ಒಬ್ಬ ಪರೀಕ್ಷಕರು ತಿರಸ್ಕರಿಸಿದರೆ ಥೀಸಿಸ್ ಬದಲಿ ಪರೀಕ್ಷಕರಿಗೆ ಹೋಗುತ್ತದೆ.